ಇಬ್ಬರು ಮಾವಂದಿರು, ನಾಲ್ಕು ಘಾಟಿ

ಮಳೆಗಾಲವೇ ವಾಸಿ. ಆಗ ಬೆಂಗಳೂರಿನಿಂದ ಕುಂದಾಪುರಕ್ಕೆ ಯಾವ ದಾರಿಯಲ್ಲಿ ಹೋಗಬೇಕೆಂದು ಯಾರೂ ಚರ್ಚೆಗೆ ಕೂರುವುದಿಲ್ಲ. ಒಂದು ಘಾಟಿಯಲ್ಲಿ ಗುಡ್ಡ ಕುಸಿದಿರುತ್ತದೆ, ಇನ್ನೊಂದರಲ್ಲಿ ಮರ ಬಿದ್ದಿರುತ್ತದೆ, ಮತ್ತೊಂದರಲ್ಲಿ ರಾತ್ರಿ ಸಂಚಾರ ಬಂದ್ ಅಂತ ಜಿಲ್ಲಾಧಿಕಾರಿಗಳ ಆದೇಶ ಬಂದಿರುತ್ತದೆ. ಉಳಿದದ್ದರಲ್ಲಿ ತೆಪ್ಪಗೆ ಇಳಿಯುವುದು. ಡಿಸೆಂಬರ್ ಬಂತೋ, ಶಿರಾಡಿ, ಚಾರ್ಮಾಡಿ, ಆಗುಂಬೆ, ಹುಲಿಕಲ್ ನಾಲ್ಕೂ ತೆರೆದುಕೊಳ್ಳುತ್ತವೆ. ಜೊತೆಗೆ ನೆಂಟರ ಬಾಯಿಯೂ.

ಕ್ರಿಸ್‌ಮಸ್ ರಜೆಗೆ ಹೆಂಡತಿಯ ತವರಿಗೆ ಕಾರಿನಲ್ಲೇ ಹೋಗುತ್ತೇವೆ ಅಂತ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದ್ದೇ ತಡ, 'ಯಾವ ಘಾಟಿ ಮೇಲೆ?' ಎಂಬ ಪ್ರಶ್ನೆ ಬಂತು. ಉತ್ತರ ನಾನು ಕೊಡುವ ಮೊದಲೇ ಬೇರೆಯವರೆಲ್ಲ ಕೊಟ್ಟಾಗಿತ್ತು. ಅಕ್ಕನ ಓಟು ಚಾರ್ಮಾಡಿಗೆ. ಕಾರಣ, ಕೊಟ್ಟಿಗೆಹಾರದ ನೀರುದೋಸೆ. ಅವಳು ನಮ್ಮ ಜೊತೆ ಬರುತ್ತಲೇ ಇಲ್ಲ ಎಂಬುದು ಬೇರೆ ಮಾತು. ಆಫೀಸಿನ ಗೆಳೆಯ ಆಗುಂಬೆ ಅಂದ. 'ಚಳಿಗಾಲದಲ್ಲೇ ಕಣೋ ಅಲ್ಲಿ ಸೂರ್ಯಾಸ್ತ ಸರಿಯಾಗಿ ಕಾಣೋದು.' ಕಾಣುತ್ತದೆ, ಮುಂದೆ ನಿಂತ ಶಾಲಾ ಪ್ರವಾಸದ ಬಸ್ಸುಗಳು ಪಕ್ಕಕ್ಕೆ ಸರಿದರೆ. ಸೂರ್ಯ ಮುಳುಗಿದ ಮೇಲೆ ಆ 14 ಹೇರ್‌ಪಿನ್ ತಿರುವುಗಳನ್ನು ಕತ್ತಲಲ್ಲಿ ಇಳಿಯಬೇಕಾದವನು ನಾನು. ಅವನು ಬೆಂಗಳೂರಿನಲ್ಲಿ ಲೈಕ್ ಒತ್ತುತ್ತಾ ಕೂತಿರುತ್ತಾನೆ.

ಕುಂದಾಪುರದ ಮಾವ ಫೋನ್ ಮಾಡಿ, 'ಶಿವಮೊಗ್ಗಕ್ಕೆ ಬಂದು ಹುಲಿಕಲ್ ಬದಿ ಇಳೀರಿ ಮಾರಾಯ್ರೆ. ಸೀದಾ ಸಿದ್ದಾಪುರ, ಮತ್ತೆ ಮನೆಯೇ' ಅಂದರು. ಆ ಘಾಟಿಯಲ್ಲಿ ಸೀದಾ ಇರುವ ಜಾಗ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಹೊರಡುವ ಹೊತ್ತಿನದು ಇನ್ನೊಂದು ಪಂಚಾಯಿತಿ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ನೆಲಮಂಗಲದ ಟ್ರಾಫಿಕ್ ತಪ್ಪುತ್ತದೆ, ಆದರೆ ಎಡೆಯೂರಿನ ಹೊತ್ತಿಗೆ ಮಂಜು ಕವಿದು ಮುಂದಿನ ಲಾರಿಯ ಕೆಂಪು ದೀಪವನ್ನೇ ನಂಬಿಕೊಂಡು ಹೋಗಬೇಕು. ಮಂಜು ಕರಗಲಿ ಅಂತ ಕಾದರೆ ನೆಲಮಂಗಲದ ಟೋಲ್‌ಗೇಟಿನಲ್ಲಿ ಅರ್ಧ ಬೆಂಗಳೂರು ನಮಗಿಂತ ಮುಂದೆ ನಿಂತಿರುತ್ತದೆ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ನನ್ನ ಸೋದರಮಾವ. ಅವರದು ಶಿರಾಡಿ ಪಕ್ಷ. 75ನೇ ನಂಬರಿನ ಹೆದ್ದಾರಿ ಬಿಟ್ಟರೆ ಸಮುದ್ರಕ್ಕೆ ಬೇರೆ ದಾರಿಯಿದೆ ಎಂಬುದನ್ನೇ ಅವರು ಒಪ್ಪುವುದಿಲ್ಲ. 'ಲೋ, ಚಾರ್ಮಾಡಿ ಧರ್ಮಸ್ಥಳಕ್ಕೆ ಹೋಗೋರಿಗೆ, ಆಗುಂಬೆ ಹನಿಮೂನಿನೋರಿಗೆ. ಸಂಸಾರಸ್ಥರಿಗೆ ಶಿರಾಡಿ.' ಅಲ್ಲಿ ಬುಲೆಟ್ ಟ್ಯಾಂಕರಿನ ಹಿಂದೆ ಸಿಕ್ಕಿಹಾಕಿಕೊಂಡರೆ ಗುಂಡ್ಯದವರೆಗೂ ಅದರ ಬೆನ್ನೇ ಪ್ರಕೃತಿ ಸೌಂದರ್ಯ ಅಂದೆ. 2018ರಲ್ಲಿ ಕಾಂಕ್ರೀಟ್ ಹಾಕಲೆಂದು ತಿಂಗಳುಗಟ್ಟಲೆ ಮುಚ್ಚಿದ ದಾರಿ, ತೆರೆದ ಮರುತಿಂಗಳೇ ಗುಡ್ಡ ಕುಸಿದು ಮತ್ತೆ ಮುಚ್ಚಿತ್ತಲ್ಲ ಎಂದೂ ನೆನಪಿಸಿದೆ. 'ಅದು ಶಿರಾಡಿ ತಪ್ಪಲ್ಲ' ಅಂದರು, ಮೊಮ್ಮಗನ ಪರ ಹೆಡ್‌ಮೇಷ್ಟರ ಮುಂದೆ ನಿಂತ ಅಜ್ಜನ ಹಾಗೆ.

ಆಮೇಲೆ ಶುರುವಾಯಿತು ದಾರಿ ಹೇಳುವ ಕಾರ್ಯಕ್ರಮ. ದಿನಾ ರಾತ್ರಿ, ಅವರ ಊಟ ಮುಗಿದ ಮೇಲೆ, ನನ್ನ ಊಟದ ಹೊತ್ತಿಗೆ.

'ಕುಣಿಗಲ್ ದಾಟಿದ ಮೇಲೆ ಎಡಕ್ಕೆ ಒಂದು ದೊಡ್ಡ ಆಲದಮರ ಬರುತ್ತೆ.'

'ಈಗ ಬೈಪಾಸು ಮಾವ. ಕುಣಿಗಲ್ಲೇ ಬರಲ್ಲ.'

'ಕುಣಿಗಲ್ ಬರದೆ ಎಲ್ಲಿಗೆ ಹೋಗುತ್ತೆ? ಮರದ ಕೆಳಗೆ ಒಬ್ಬ ಎಳನೀರು ಮಾರ್ತಾನೆ. ನನ್ನ ಹೆಸರು ಹೇಳು, ಒಳ್ಳೇದು ಆರಿಸಿ ಕೊಡ್ತಾನೆ. ಹಾಸನದಲ್ಲಿ ಬಸ್‌ಸ್ಟ್ಯಾಂಡ್ ಹತ್ರ ಟೈರಿಗೆ ಗಾಳಿ ನೋಡಿಸು.'

'ಹಾಸನಕ್ಕೂ ಬೈಪಾಸ್ ಇದೆ ಮಾವ.'

'ಊಟ ಎಲ್ಲಿ ಮಾಡ್ತೀಯ ಹಾಗಾದ್ರೆ, ಟೋಲ್‌ಗೇಟಿನಲ್ಲಾ?'

ಬಾಯಲ್ಲಿ ಹೇಳಿದರೆ ನನಗೆ ಅರ್ಥವಾಗುವುದಿಲ್ಲವೆಂದು ತೀರ್ಮಾನಿಸಿ, ನಿನ್ನೆ ಯಾರದೋ ಮದುವೆಯ ಕರೆಯೋಲೆಯ ಹಿಂದೆ ನಕ್ಷೆಯನ್ನೇ ಬರೆದು ಫೋಟೋ ತೆಗೆದು ಕಳಿಸಿದ್ದಾರೆ. ಅದರಲ್ಲಿ ಹಾಸನ ಉಗುರಿನಷ್ಟಿದ್ದರೆ ಸಕಲೇಶಪುರದ ಒಂದು ಹೋಟೆಲ್ಲು ಅಂಗೈಯಷ್ಟಿದೆ. ಚನ್ನರಾಯಪಟ್ಟಣದ ಪಕ್ಕದಲ್ಲಿ ಬಾಣದ ಗುರುತು ಹಾಕಿ 'ಇಲ್ಲಿ ಪಂಕ್ಚರ್, 1987' ಎಂದಿದೆ. ಮಾರನಹಳ್ಳಿಯ ಹತ್ತಿರ 'ಆನೆ', ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ದೂರದಲ್ಲಿ'. ಘಾಟಿಯ ಒಂದು ತಿರುವಿನಲ್ಲಿ 'ನಿಮ್ಮತ್ತೆಗೆ ವಾಂತಿ', ಮುಂದಿನ ತಿರುವಿನಲ್ಲಿ 'ಮತ್ತೆ'. ಗುಂಡ್ಯದ ನಂತರ ಮಾವನ ಉತ್ಸಾಹ ಇಳಿದಿರಬೇಕು, ಒಂದೇ ಗೆರೆ ಎಳೆದು ಮಂಗಳೂರು ಅಂತ ಬರೆದು, ಆಚೆಗೆ ಮೂರು ಅಲೆ ಹಾಕಿ ಮುಗಿಸಿದ್ದಾರೆ. ಕುಂದಾಪುರ ಅದರಲ್ಲಿ ಇಲ್ಲವೇ ಇಲ್ಲ. ಕೇಳಿದರೆ, 'ಅಲ್ಲಿಂದ ಮುಂದೆ ಯಾರನ್ನಾದ್ರೂ ಕೇಳ್ಕೊಂಡು ಹೋಗು' ಅಂದರು.

ಮಗನಿಗೆ ತೋರಿಸಿ ನಗೋಣ ಅಂತ ನಕ್ಷೆಯನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ನಗು ಅರ್ಧಕ್ಕೇ ನಿಂತಿತು. ಮಾವನ ಫಿಯೆಟ್ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಕಣ್ಣಿನ ಆಪರೇಷನ್ ಆದಮೇಲೆ ಅವರ ಮಗ ಸ್ಕೂಟರಿನ ಕೀಲಿಯನ್ನೂ ತೆಗೆದಿಟ್ಟಿದ್ದಾನೆ. ಅವರು ಗುರುತು ಹಾಕಿದ ಮರಗಳಲ್ಲಿ ಮುಕ್ಕಾಲು ಪಾಲು ರಸ್ತೆ ಅಗಲ ಮಾಡುವಾಗಲೇ ಉರುಳಿದವು. ಮಾವನಿಗೆ ಮಾತ್ರ ಯಾವ ಮರದ ನೆರಳು ಎಷ್ಟು ಹೊತ್ತಿಗೆ ಯಾವ ಕಡೆ ಬೀಳುತ್ತಿತ್ತು ಎಂಬುದೂ ನೆನಪಿದೆ. 'ಹನ್ನೊಂದರ ಒಳಗೆ ಅಲ್ಲಿ ಬುತ್ತಿ ಬಿಚ್ಚು' ಅಂತ ಒಂದು ಮರದ ಪಕ್ಕ ಬರೆದಿದ್ದಾರೆ.

ಮನಸ್ಸು ಮೆತ್ತಗಾಗಿ, 'ಆಯ್ತು ಮಾವ, ಶಿರಾಡಿ ಮೇಲೇ ಹೋಗ್ತೀವಿ' ಅಂದುಬಿಟ್ಟೆ. ಅರ್ಧ ಗಂಟೆಯಲ್ಲಿ ಸುದ್ದಿ ಕುಂದಾಪುರ ಮುಟ್ಟಿತು. 'ಎಂತ, ನಮ್ಮ ಬದಿಯ ರೋಡು ಆಗ್ಲಿಲ್ವಾ ನಿಮ್ಗೆ?' ಅಂತ ಆ ಮಾವ. ನಮ್ಮ ಮದುವೆಯ ದಿನ ಕೈಮುಗಿದದ್ದು ಬಿಟ್ಟರೆ ಪರಸ್ಪರ ಮಾತೇ ಆಡದಿದ್ದ ಇಬ್ಬರೂ ಈಗ ನನ್ನನ್ನು ಬದಿಗಿಟ್ಟು ನೇರವಾಗಿ ಫೋನಿನಲ್ಲಿ ಮಾತುಕತೆ ನಡೆಸಿದ್ದಾರೆ. ಒಪ್ಪಂದವೂ ಆಗಿದೆ: ಹೋಗುವಾಗ ಶಿರಾಡಿ, ಬರುವಾಗ ಹುಲಿಕಲ್. ಒಪ್ಪಂದ ಸರಿಯಾಗಿ ಜಾರಿಯಾಗುವುದೋ ಇಲ್ಲವೋ ನೋಡಿಕೊಳ್ಳಲು ಸೋದರಮಾವ ಖುದ್ದು ಬರುತ್ತಾರಂತೆ. ಮಂಕಿಕ್ಯಾಪು, ಫ್ಲಾಸ್ಕು ರೆಡಿಯಾಗಿವೆ. ಕಾರಿನಲ್ಲಿ ಮುಂದಿನ ಸೀಟು ಬೇಕಂತೆ, ಹಿಂದೆ ಕೂತರೆ ದಾರಿ ಹೇಳಲು ಆಗುವುದಿಲ್ಲವಂತೆ.

ಹೆಂಡತಿ ಇದನ್ನು ಕೇಳಿ ಜಗಳವಾಡಲಿಲ್ಲ. ಮೊಬೈಲ್ ಹಿಡಿದು ಪಂಚಗಂಗಾ ಎಕ್ಸ್‌ಪ್ರೆಸ್ಸಿನ ಟಿಕೆಟ್ ಹುಡುಕುತ್ತಿದ್ದಾಳೆ. ರಾತ್ರಿ ಬೆಂಗಳೂರಿನಲ್ಲಿ ಹತ್ತಿದರೆ ಸಾಕು, ಸಕಲೇಶಪುರ ಸುಬ್ರಹ್ಮಣ್ಯದ ನಡುವಿನ 57 ಸುರಂಗಗಳನ್ನೂ ನಿದ್ದೆಯಲ್ಲೇ ದಾಟಿ ಬೆಳಿಗ್ಗೆ ಕುಂದಾಪುರದಲ್ಲಿ ಇಳಿಯಬಹುದು. ರಜೆಯ ವಾರ, ಸಹಜವಾಗಿಯೇ ಎಲ್ಲ ವೇಟಿಂಗ್ ಲಿಸ್ಟು. 'ನಾಲ್ಕು ಜನಕ್ಕೆ ಒಟ್ಟಿಗೆ ಸಿಗೋದು ಕಷ್ಟ ಬಿಡು' ಅಂದೆ.

'ನಾನು ನೋಡ್ತಾ ಇರೋದು ಒಂದೇ' ಅಂದಳು.