ಕೊಡಿ ಇಲ್ಲಿ, ಏಳಿ ಒಂದ್ನಿಮಿಷ

ಹನ್ನೊಂದೂವರೆಗೆ ಮೀಟಿಂಗು. ಹನ್ನೊಂದಕ್ಕೆ ಹಿಂದಿನ ಮೀಟಿಂಗಿನ ನಡಾವಳಿ ತೆರೆದರೆ ಪರದೆ ತುಂಬ ಪೌಂಡಿನ ಗುರುತು. ಇಂಗ್ಲೆಂಡಿನ ಖಜಾನೆಯೇ ನಮ್ಮ ತಾಲ್ಲೂಕಿಗೆ ವರ್ಗವಾಗಿ ಬಂದ ಹಾಗೆ. ನಡುನಡುವೆ ತಲೆ ಮೇಲೆ ಗೀಟು ಹೊತ್ತ ‘ಎ’ಗಳ ಮೆರವಣಿಗೆ. ನಿನ್ನೆ ಸಂಜೆ ಇದೇ ಫೈಲು ಪಕ್ಕದ ಟೇಬಲ್ಲಿನ ಕಂಪ್ಯೂಟರಿನಲ್ಲಿ ಅಚ್ಚ ಕನ್ನಡದಲ್ಲಿತ್ತು. ಪೆನ್‌ಡ್ರೈವಿನಲ್ಲಿ ನಾಲ್ಕು ಹೆಜ್ಜೆ ನಡೆದು ಬರುವಷ್ಟರಲ್ಲಿ ಧರ್ಮ ಬಿಟ್ಟಿದೆ.

ಕನ್ನಡದಲ್ಲಿ ಟೈಪು ಮಾಡುವ ಕಚೇರಿಗಳಿಗೆ ಇದು ಹೊಸ ಗ್ರಹಚಾರವೇನಲ್ಲ. ಮದ್ದೂ ಗೊತ್ತಿರುವುದೇ. ಆದರೆ ಮದ್ದು ಗೊತ್ತಿರುವುದು ಒಬ್ಬರಿಗೆ ಮಾತ್ರ, ನಮ್ಮ ಮೌಸ್ ಸಾರಿಗೆ. ಅವರು ಬರುತ್ತಾರೆ, ಖಂಡಿತ ಬರುತ್ತಾರೆ, ಕರೆದ ಎರಡೇ ನಿಮಿಷಕ್ಕೆ ಬರುತ್ತಾರೆ. ಪರದೆ ನೋಡಿ ಒಂದು ಸಲ ನಗುತ್ತಾರೆ. ಆಮೇಲೆ ಆ ಮಂತ್ರ: “ಕೊಡಿ ಇಲ್ಲಿ, ಏಳಿ ಒಂದ್ನಿಮಿಷ.”

ಏಳಬೇಕು. ನಮ್ಮ ಕುರ್ಚಿಯಲ್ಲಿ ಅವರು, ಅವರ ಬೆನ್ನ ಹಿಂದೆ ಕೈಕಟ್ಟಿ ನಾವು. ಮೌಸಿನ ಮೇಲೆ ಅವರ ಬಲಗೈ ಬಿದ್ದದ್ದಷ್ಟೇ ಕಾಣುತ್ತದೆ. ಟಿಕ್ ಟಿಕ್, ಟಿಟಿಕ್, ಟಿಕ್. ಒಂದು ಕಿಟಕಿ ತೆರೆಯಿತು, ಮುಚ್ಚಿತು, ಇನ್ನೊಂದು ಮಿಂಚಿತು. ಕಣ್ಣು ಪಿಳುಕಿಸುವಷ್ಟರಲ್ಲಿ ಕನ್ನಡ ಮರಳಿ ಬಂದಿದೆ. ಅವರು ಎದ್ದು, ಅಂಗೈ ಝಾಡಿಸಿ, “ಇಷ್ಟೇ” ಅನ್ನುತ್ತಾರೆ.

ಈ ‘ಇಷ್ಟೇ’ ಎಷ್ಟು ಅಂತ ಇವತ್ತಿನವರೆಗೂ ಯಾರಿಗೂ ಗೊತ್ತಾಗಿಲ್ಲ. “ಸಾರ್, ಸ್ವಲ್ಪ ನಿಧಾನವಾಗಿ ಇನ್ನೊಂದ್ಸಲ ತೋರಿಸ್ತೀರಾ?” ಎಂದರೆ ತೋರಿಸುತ್ತಾರೆ, ಅದೇ ವೇಗದಲ್ಲಿ. ಎರಡನೆಯ ಸಲ ಕಿಟಕಿಯ ಬಣ್ಣ ನೀಲಿ ಅನ್ನುವುದೊಂದು ಹೆಚ್ಚಾಗಿ ತಿಳಿಯುತ್ತದೆ. ಪಾಪ, ಹೊಸದಾಗಿ ಬಂದ ಹುಡುಗಿ ಚೀಟಿ ಪೆನ್ನು ಹಿಡಿದು ನಿಂತರೆ, “ಬರ್ಕೊಳ್ಳೋಕೆ ಏನಿದೆಯಮ್ಮಾ ಇದ್ರಲ್ಲಿ? ನಾನಿದೀನಲ್ಲ!” ಎನ್ನುತ್ತಾರೆ. ಅವರು ಇದ್ದಾರೆ, ನಿಜ. ಆದರೆ ಎರಡನೇ ಶನಿವಾರದ ಹಿಂದುಮುಂದು ಇರುವುದಿಲ್ಲ.

ಹಂಚಿಕೊಳ್ಳುವ ಗುಣವೇ ಇಲ್ಲ ಅಂತಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಅವರ ಮನೆಯ ಮಾವಿನಮಿಡಿ ಆರು ತಟ್ಟೆಗೆ ಹೋಗುತ್ತದೆ. ಮಗಳ ಮದುವೆ ಅಂದರೆ ಸಾಲ, ಜ್ವರ ಅಂದರೆ ಮಾತ್ರೆ, ಊರಿಗೆ ಹೋಗಿ ಬಂದರೆ ತೆಂಗಿನಕಾಯಿ. ಆ ಉಪ್ಪಿನಕಾಯಿಗೆ ಸಾಸಿವೆ ಎಷ್ಟು, ಉಪ್ಪು ಎಷ್ಟು ದಿನ ಹಾಕಿಡಬೇಕು ಅನ್ನುವುದನ್ನೂ ಅಳತೆಯ ಸಮೇತ ಹೇಳುತ್ತಾರೆ. ಮೌಸು ಮುಟ್ಟಿದ ಮೇಲೆ ಮಾತ್ರ ಬಾಯಿಗೆ ಬೀಗ.

ಅವರು ಹೇಳದೆ ಇರುವುದನ್ನು ಇಲ್ಲಿ ಹೇಳಿಬಿಡುವುದು ವಾಸಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಕನ್ನಡ ಅನ್ನುವುದೇ ಇರುವುದಿಲ್ಲ. ಇಂಗ್ಲಿಷಿನ ದೊಡ್ಡ ‘ಪಿ’ಯ ಮನೆಯಲ್ಲಿ ‘ಕ’ ಬಾಡಿಗೆಗೆ ಇರುತ್ತದೆ. ಪೌಂಡಿನ ಮನೆಯಲ್ಲಿ ‘ನ’, ಸಣ್ಣ ‘ಕ್ಯೂ’ ಮನೆಯಲ್ಲಿ ‘ಡ’. ಆ ಗೀಟು ಹೊತ್ತ ‘ಎ’ ಬೇರೇನೂ ಅಲ್ಲ, ನಮ್ಮ ತಲೆಕಟ್ಟು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಬಾಡಿಗೆದಾರರು ಕಾಣುತ್ತಾರೆ, ಇಲ್ಲದ ಕಡೆ ಮನೆ ಮಾಲೀಕರು ಹೊರಗೆ ಬರುತ್ತಾರೆ. ಸಾಹೇಬರ ಮೊಬೈಲಿಗೆ ಕಳಿಸಿದ ಫೈಲು ಪೌಂಡಾಗುವುದೂ ಇದಕ್ಕೇ. ಫೋನಿನಲ್ಲಿ ಆ ಫಾಂಟ್ ಇಲ್ಲ. ಪಿಡಿಎಫ್ ಮಾಡಿ ಕಳಿಸಿದ್ದರೆ ಫಾಂಟು ಒಳಗೇ ಕೂತು ಹೋಗುತ್ತಿತ್ತು. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆಗಳಿವೆ, ಹಾಗಾಗಿ ಅಲ್ಲಿ ಈ ರಗಳೆ ಇಲ್ಲ.

ಮೊದಲು ಫೈಲು ಸತ್ತಿಲ್ಲ ಅನ್ನುವುದನ್ನು ನೋಡಿಕೊಳ್ಳಬೇಕು. ಕಂಟ್ರೋಲ್ ಒತ್ತಿಕೊಂಡು ‘ಎ’ ಒತ್ತಿದರೆ ಎಲ್ಲವೂ ಆಯ್ಕೆಯಾಗುತ್ತದೆ. ಫಾಂಟುಗಳ ಪಟ್ಟಿಯಲ್ಲಿ ‘ನುಡಿ’ ಎಂದು ಶುರುವಾಗುವ ಒಂದನ್ನು ಒತ್ತಿದಾಗ ಕನ್ನಡ ಕಂಡರೆ ಜೀವ ಇದೆ ಅಂತ. ಪಟ್ಟಿಯಲ್ಲಿ ನುಡಿಯೇ ಇಲ್ಲದಿದ್ದರೆ ಪಕ್ಕದ ಕಂಪ್ಯೂಟರಿನಿಂದ ಫಾಂಟ್ ಫೈಲನ್ನು ತಂದು, ಮೌಸಿನ ಬಲಗುಂಡಿ ಒತ್ತಿ ಇನ್‌ಸ್ಟಾಲ್ ಅನ್ನಬೇಕು. ಶಾಶ್ವತವಾಗಿ ಪೀಡೆ ಕಳೆಯಬೇಕಾದರೆ ಬರಹವನ್ನು ಪರಿವರ್ತಕ ಅನ್ನುವ ತಂತ್ರಾಂಶಕ್ಕೆ ಅಂಟಿಸಿ ಯೂನಿಕೋಡಿಗೆ ತಿರುಗಿಸಿ ಹೊಸ ಫೈಲಿನಲ್ಲಿ ಉಳಿಸಬೇಕು.

ಅಪಾಯ ಇರುವುದು ಈ ಪರಿವರ್ತಕದಲ್ಲೇ. ಅದಕ್ಕೆ ಯಾವುದು ಅಸಲಿ ಇಂಗ್ಲಿಷು, ಯಾವುದು ವೇಷ ಹಾಕಿದ ಕನ್ನಡ ಅನ್ನುವ ಭೇದ ತಿಳಿಯದು. ಇಂಗ್ಲಿಷಿನಲ್ಲಿ ಬರೆದಿದ್ದ ‘ಜಿಪಿಎಫ್’ (ನೌಕರರ ಭವಿಷ್ಯ ನಿಧಿ) ಅದರ ಬಾಯಿಗೆ ಹೋಗಿ ‘ಉಕ್ಈ’ ಆಗಿ ಹೊರಗೆ ಬರುತ್ತದೆ. ನಡಾವಳಿಯಲ್ಲಿ “ನೌಕರರ ಉಕ್ಈ ಮುಂಗಡದ ಬಗ್ಗೆ ಚರ್ಚಿಸಲಾಯಿತು” ಅಂತ ಓದಿ, ಉಕ್ಈ ಯಾವ ಯೋಜನೆ, ಇದಕ್ಕೆ ಅನುದಾನ ಎಷ್ಟು ಅಂತ ಯಾರಾದರೂ ಕೇಳಿದರೆ ಉತ್ತರ ಹೇಳುವವರು ಯಾರು? ಉಪಾಯ ಇದೆ. ಪರಿವರ್ತಿಸುವ ಮೊದಲು ಇಂಗ್ಲಿಷ್ ಪದಗಳಿದ್ದ ಕಡೆ 7001, 7002 ಎಂದು ಅಂಕಿ ಹಾಕಿ, ಯಾವ ಅಂಕಿಗೆ ಯಾವ ಪದ ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಳ್ಳುವುದು. ಅಂಕಿಗಳಿಗೆ ಪರಿವರ್ತಕ ಸಾಮಾನ್ಯವಾಗಿ ಕೈಹಾಕುವುದಿಲ್ಲ. ಆಮೇಲೆ ಹುಡುಕಿ ವಾಪಸು ಹಾಕಿದರಾಯಿತು.

ಇಷ್ಟೇ.

ನೋಡಿ, ಬಾಯಿಗೆ ಬಂದೇಬಿಟ್ಟಿತು.

ಹಾಗಂತ ಎಲ್ಲ ಹೇಳಿಕೊಡುವವರು ಸುಖ ಕೊಡುತ್ತಾರೆಯೇ? ಕಚೇರಿಯ ಇನ್ನೊಂದು ಮೂಲೆಯಲ್ಲಿ ವಿಸ್ತಾರದವರು ಇದ್ದಾರೆ. ‘ನ್ನ’ ಹೊಡೆಯುವುದು ಹೇಗೆ ಎಂದು ಕೇಳಿದರೆ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಇತಿಹಾಸದಿಂದ ಹೊರಡುತ್ತಾರೆ. ಬೇಕಾದದ್ದು ಒಂದೇ ಮಾತು: ಎರಡು ‘ಎನ್’ ನಡುವೆ ‘ಎಫ್’ ಒತ್ತಬೇಕು, ಒತ್ತಕ್ಷರದ ಕೊಕ್ಕೆ ಅದೇ. ಅದು ಬರುವುದು ಎರಡನೇ ಟೀ ಮುಗಿದ ಮೇಲೆ. ಮೂರನೆಯವರು ಕೇಳಿದ್ದಕ್ಕೆಲ್ಲ ಯೂಟ್ಯೂಬ್ ಲಿಂಕ್ ಕಳಿಸುವವರು. ಅವರ ಮಾತು ಬಿಡಿ.

ಎಕ್ಸೆಲ್ಲಿನಲ್ಲೂ ಇದೇ ಕಥೆ. ಹದಿನಾರು ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆ ಹೊಡೆದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಏಕೆಂದರೆ ಅದು ಲೆಕ್ಕ ಇಡುವುದು ಹದಿನೈದು ಅಂಕಿವರೆಗೆ ಮಾತ್ರ. ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿಕೊಂಡು ಆಮೇಲೆ ಟೈಪು ಮಾಡಬೇಕು. ಸೊನ್ನೆ ಬಿದ್ದಮೇಲೆ ಟೆಕ್ಸ್ಟ್ ಮಾಡಿದರೆ ಹೋದ ಅಂಕಿ ಬರುವುದಿಲ್ಲ. ಇದೂ ಒಬ್ಬರಿಗೆ ಗೊತ್ತು. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಎದುರು ದಿಕ್ಕಿಗೆ ಜಗ್ಗದೆ, ಅದು ಹೊರಟ ದಿಕ್ಕಿಗೇ ಎರಡೂ ಕೈಯಲ್ಲಿ ಎಳೆಯಬೇಕು ಅನ್ನುವುದು ಇನ್ನೊಬ್ಬರಿಗೆ ಗೊತ್ತು. ಅವರು ರಜೆ ಹಾಕಿದ ದಿನವೇ ಹಾಳೆ ಹರಿದು, ಚೂರು ರೋಲರಿನಲ್ಲಿ ಕೂರುತ್ತದೆ.

ಮೌಸ್ ಸಾರ್ ಜಿಪುಣರೇ? ಹಾಗೆ ಅನ್ನಲು ಮನಸ್ಸು ಬಾರದು. ದಿನಕ್ಕೆ ಏಳೆಂಟು ಸಲ “ಸಾರ್, ಒಂಚೂರು ಬನ್ನಿ” ಅನ್ನುವ ಕೂಗು ಅವರ ಟೇಬಲ್ಲಿಗೆ ಬರುತ್ತದೆ. ಪ್ರತಿ ಕೂಗಿಗೂ ಅರ್ಧ ಟೀ, ಎರಡು ಮಾತು, ಮನೆ ಕಡೆಯ ಸಮಾಚಾರ. ಎಲ್ಲರಿಗೂ ಎಲ್ಲವೂ ಬಂದುಬಿಟ್ಟರೆ ಆ ಟೇಬಲ್ಲಿನ ಕಡೆಗೆ ಹೋಗುವುದಕ್ಕೆ ಯಾರಿಗೆ ಏನು ನೆಪ?

ಆದರೂ ವರ್ಗಾವಣೆ ಬರುತ್ತದೆ. ಚಾರ್ಜ್ ಲಿಸ್ಟಿನಲ್ಲಿ ಬೀರುವಿನ ಕೀಲಿ 2, ಕುರ್ಚಿ 4, ಮೊಹರು 3, ಸ್ಟೇಪ್ಲರ್ 1 (ಕೆಟ್ಟಿದೆ) ಎಲ್ಲ ಬರೆದು ಸಹಿ ಹಾಕುತ್ತಾರೆ. ಟಿಕ್ ಟಿಕ್ ಟಿಟಿಕ್ ಮಾತ್ರ ಯಾವ ಕ್ರಮಸಂಖ್ಯೆಯಲ್ಲೂ ಇರುವುದಿಲ್ಲ. ಹಾರ, ಹಣ್ಣು, ಗ್ರೂಪ್ ಫೋಟೋ. ಮರುವಾರವೇ ಪರದೆ ತುಂಬ ಪೌಂಡು.

ಫೋನು ಹೋಗುತ್ತದೆ.

“ಸಾರ್, ಮತ್ತೆ ಹಂಗೇ ಆಗಿದೆ.”

“ಅಷ್ಟೇನಾ? ಕೊಡಿ ಇಲ್ಲಿ...” ಎಂದವರು ತಡೆಯುತ್ತಾರೆ. ಫೋನಿನೊಳಗಿಂದ ಮೌಸು ಸಿಗುವುದಿಲ್ಲವಲ್ಲ. “ಮೇಲ್ಗಡೆ ಒಂದು ಇರುತ್ತೆ ನೋಡಿ... ಅದಲ್ಲ, ಅದರ ಪಕ್ಕದ್ದು. ಅದನ್ನ ಒತ್ತಿದ್ರೆ ಒಂದು ಬರುತ್ತೆ.”

“ಏನು ಬರುತ್ತೆ ಸಾರ್?”

“ಅದೇ... ನೀಲಿ ಬಣ್ಣದ್ದು.”

ಸ್ವಲ್ಪ ಹೊತ್ತು ಎರಡೂ ಕಡೆ ಸದ್ದಿಲ್ಲ. ಇಷ್ಟು ವರ್ಷ ಗೊತ್ತಿದ್ದದ್ದು ಬೆರಳಿಗೆ, ಬಾಯಿಗಲ್ಲ ಅಂತ ಅವರಿಗೂ ಈಗಲೇ ತಿಳಿದ ಹಾಗಿದೆ.

“ಒಂದ್ ಕೆಲ್ಸ ಮಾಡಿ. ಏನೂ ಮುಟ್ಬೇಡಿ. ಸಂಜೆ ಐದೂವರೆ ಬಸ್ಸಿಗೆ ನಾನೇ ಬರ್ತೀನಿ. ಟೀ ತರಿಸಿಡಿ.”