ಸದ್ದೇ ಬೇಕಿದ್ರ ಪಟಾಕಿ ಹಚ್ಚು ತಮ್ಮಾ

ಈಗಷ್ಟ ಮನಿಗಿ ಬಂದು ಕುಂತೀನಿ, ಕಿವಿ ಇನ್ನೂ ಗುಂಯ್ ಅನ್ಲತ್ತದ. ನಮ್ಮ ಕಲಬುರಗಿ ಎಸ್‌ವಿಪಿ ಸರ್ಕಲ್ ಹತ್ರ ಚಾ ಕುಡೀಲತ್ತಿದ್ದೆ, ರಾತ್ರಿ ಒಂಬತ್ತೂವರಿ ಆಗಿರಬೇಕು, ಹಿಂದಿಂದ ಫಟ್ ಫಟ್ ಫಟಾರ್! ಬಾಜೂಕ ಕುಂತಿದ್ದ ಮುದುಕಪ್ಪನ ಕೈಯಾಗಿನ ಬಸಿ ನೆಲಕ್ಕ ಬಿದ್ದು ಚೂರು ಚೂರು. ಟ್ರಾನ್ಸ್‌ಫಾರ್ಮರ್ ಹೋಯ್ತೇನೋ ಅಂತ ಎಲ್ಲಾರೂ ಮ್ಯಾಲ ನೋಡಿದ್ರ, ಕೆಳಗ ಬಿಳಿ ಬಿಎಂಡಬ್ಲ್ಯೂ ನಿಂತದ. 330ಐ. ಡಿಕ್ಕಿ ಮ್ಯಾಲ ಮಾತ್ರ ಅದರ ಜೋರಿನ ಅಣ್ಣ ಎಂ3 ಅಂತ ಬಿಲ್ಲೆ, ಅದೂ ಸೊಟ್ಟ.

ನಿಮಗೆಲ್ಲಾ ಗೊತ್ತೇ ಅದ, ನಾ ಪುಣೆದಾಗ ಆರು ವರ್ಷ ವರ್ಕ್‌ಶಾಪಿನ್ಯಾಗ ಕೈ ಕರಿ ಮಾಡ್ಕೊಂಡವ, ಜರ್ಮನ್ ಗಾಡಿ ಬಾನೆಟ್ ಎತ್ತಿದ್ರ ಊಟ ಮರೀತೀನಿ. ಹಂಗಾಗಿ ಇಂವ ಸ್ಪೀಡ್ ಕಂಡ್ರ ಆಗದ ಮುದುಕ ಆಗ್ಯಾನ ಅಂತ ಯಾರೂ ಕಮೆಂಟ್ ಹಾಕಬ್ಯಾಡ್ರಿ. ಈ 330ಐಗೆ ನಾಕೇ ಸಿಲಿಂಡರ್ ಅಂತಲೂ ನಾ ಬೈಯಂಗಿಲ್ಲ, 1986ರ ಮೊದಲ್ನೇ ಎಂ3ಗೂ ನಾಕೇ ಸಿಲಿಂಡರ್ ಇದ್ವು, 2.3 ಲೀಟರ್, ರೇಸಿಗಂತ ಹುಟ್ಟಿದ ಗಾಡಿ ಅದು. ನನ್ನ ತಕರಾರು ಆ ಫಟ್ ಫಟ್ ಬಗ್ಗೆ.

ಅದು ಹ್ಯಾಂಗ ಬರ್ತದ ಗೊತ್ತದೇನು? ಆಕ್ಸಿಲರೇಟರ್ ಬಿಟ್ಟಾಗ ಸ್ಟಾಕ್ ಗಾಡಿ, ಅಂದ್ರ ಕಂಪನಿಯಿಂದ ಬಂದಂಗ ಇರೋ ಗಾಡಿ, ಅದರ ಇಸಿಯು ಅನ್ನೋ ಇಂಜಿನ್ ಕಂಪ್ಯೂಟರ್ ಪೆಟ್ರೋಲ್ ಬಂದ್ ಮಾಡ್ತದ, ಜಾಣ ಅದು. ಈ ಫಟ್ ಫಟ್ ಮ್ಯಾಪಿನ್ಯಾಗ, ಅಂದ್ರ ಇಸಿಯುದಾಗ ಬದಲಿ ಮಾಡಿ ಹಾಕೋ ಪ್ರೋಗ್ರಾಮಿನ್ಯಾಗ, ಬೇಕಂತಲೇ ಪೆಟ್ರೋಲ್ ಹೊಡಕೋತ ಇರ್ತದ, ಸ್ಪಾರ್ಕ್ ತಡ ಮಾಡ್ತದ, ಅರ್ಧಮರ್ಧ ಉರಿ ಎಕ್ಸಾಸ್ಟ್ ವಾಲ್ವ್ ದಾಟಿ ಪೈಪಿನ್ಯಾಗ ಹೋಗಿ ಸಿಡೀತದ. ಸದ್ದು ನಿಮಗ, ಸುಡೋದು ಹೊಗಿ ಸ್ವಚ್ಛ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್. ರ‍್ಯಾಲಿ ಗಾಡಿದಾಗೂ ಇಂಥದ್ದೇ ಮಾಡ್ತಾರ, ಖರೇ, ಆದ್ರ ಅಲ್ಲಿ ತಿರುವಿನ್ಯಾಗ ಕಾಲು ತೆಗೆದಾಗ ಇಂಜಿನ್ನಿಗಿ ಗಾಳಿ ತುಂಬೋ ಟರ್ಬೋ ತಿರುಗೋದು ನಿಲ್ಲಬಾರದು ಅಂತ ಮಾಡ್ತಾರ, ಆಂಟಿ-ಲ್ಯಾಗ್ ಅಂತಾರ ಅದಕ್ಕ, ಸದ್ದು ಮ್ಯಾಲ ಪುಕ್ಕಟ ಬರ್ತದ. ನಮ್ಮ ಹುಡುಗ ಆ ಪುಕ್ಕಟದ್ದಕ್ಕೇ ರೊಕ್ಕ ಕೊಟ್ಟಾನ. ಸಿಗ್ನಲ್‌ನ್ಯಾಗ ನಿಂತು ಯಾವ ರ‍್ಯಾಲಿ ಗೆಲ್ತೀ ತಮ್ಮಾ?

ಟ್ಯೂನಿಂಗ್ ಅಂದ್ರ ಏನಂತ ಜರ್ಮನಿಯ ಆ ಬುರ್ಕಾರ್ಡ್ ಬೋವನ್‌ಸೀಪನ್‌ನ ಕೇಳಬೇಕಿತ್ತು, ಪುಣ್ಯಾತ್ಮ 2023ರಾಗ ಹೋಗಿಬಿಟ್ಟ. ಮನಿತನದ್ದು ಟೈಪ್‌ರೈಟರ್ ಫ್ಯಾಕ್ಟರಿ. ಇಂವ ಬಿಎಂಡಬ್ಲ್ಯೂ 1500ಗೆ ಎರಡು ವೆಬರ್ ಕಾರ್ಬುರೇಟರ್ ಕೂಡಿಸಿದ, ಆ ಕೆಲಸ ಎಷ್ಟು ನೀಟ್ ಇತ್ತಂದ್ರ ಅದನ್ನ ಹಾಕಿಸಿದ ಗಾಡಿಗೂ ಬಿಎಂಡಬ್ಲ್ಯೂ ತನ್ನ ವಾರಂಟಿ ಕೊಡ್ತು. ಆಮ್ಯಾಲ 1965ರಾಗ ಅವನ ಟ್ಯೂನಿಂಗ್ ಕಂಪನಿ ಅಲ್ಪಿನಾ ಚಾಲೂ ಆಯ್ತು. ಹೊರಗಿನವ ಬಿಚ್ಚಿ ಕೂಡಿಸಿದ್ದಕ್ಕ ಕಂಪನಿ ವಾರಂಟಿ! ನಮ್ಮ ಕಡಿ ಹಾರ್ನ್ ಬದಲಿ ಮಾಡಿದ್ರೂ ಸರ್ವಿಸ್ ಅಡ್ವೈಸರ್ ಮುಖ ಗಂಟು ಹಾಕ್ಕೋತಾನ. ಇಲ್ಲ ಮರ್ಸಿಡಿಸ್ 500ಇ ತಗೋರಿ, 90ರ ದಶಕದ್ದು. ಹೊರಗಿಂದ ಡಾಕ್ಟರ್ ಸಾಹೇಬ್ರ ಗಾಡಿ, ಒಳಗ 5 ಲೀಟರ್ ವಿ8, ಎಂಟು ಸಿಲಿಂಡರ್. ಫೆಂಡರ್ ಅಗಲ ಆಗಿ ತಮ್ಮ ಲೈನಿನ್ಯಾಗ ಹಿಡೀಲಿಲ್ಲಂತ ಪೋರ್ಷೆ ಕಾರ್ಖಾನಿದಾಗ ಕಟ್ಟಿಸಿದ್ರು. ಬಾಜೂಕ ನಿಂತವನಿಗಿ ಅದೇನಂತ ಗೊತ್ತಾಗೋದು ಹಸಿರು ಬಿದ್ದ ಮ್ಯಾಲ, ಅಷ್ಟೊತ್ತಿಗಿ ಅದು ಅಲ್ಲಿ ಇರಂಗಿಲ್ಲ.

ಪುಣೆದಾಗ ಒಂದ್ಸಲ ಎಎಂಜಿ ವಿ8, ಮರ್ಸಿಡಿಸ್‌ನವರ ಜೋರಿನ ಗಾಡಿ, ಸರ್ವಿಸಿಗಿ ಬಂದಿತ್ತು. ಇಂಜಿನ್ ಮ್ಯಾಲ ಸಣ್ಣ ಪ್ಲೇಟು, ಅದ್ರಾಗ ಕಟ್ಟಿದವನ ಸಹಿ. ಅಫಾಲ್ಟರ್‌ಬಾಖ್ ಅನ್ನೋ ಊರಾಗ ಒಬ್ಬನೇ ಮನಷ್ಯಾ ಮೊದಲಿಂದ ಕಡೀತನಕ ಆ ಇಂಜಿನ್ ಜೋಡಸ್ತಾನ. ಯಾರೂ ಇಲ್ಲದಾಗ ನಾ ಆ ಸಹಿ ಮ್ಯಾಲ ಹೆಬ್ಬಟ್ಟು ಇಟ್ಟು ನೋಡೀನಿ, ನಗ್ರಿ ಬೇಕಿದ್ರ. ಬೀದರ್‌ದಾಗ ಒಬ್ಬ ಬಿದರಿ ಕೆಲಸದವ ವಾರಗಟ್ಟಲೆ ಕುಂತು ಹೂಜಿಗಿ ಬೆಳ್ಳಿ ತಂತಿ ಕೂಡಿಸಿರ್ತಾನ, ನೀ ಅದನ್ನ ತಂದು ಕಲ್ಲಿಗಿ ಬಡದು "ಸದ್ದು ಹ್ಯಾಂಗದ ನೋಡ್ರಿ" ಅಂದ್ರ?

ಮತ್ತ ಈ ಮ್ಯಾಪ್ ಎಲ್ಲಿಂದು? ಯಾವನೋ ಲ್ಯಾಪ್‌ಟಾಪ್ ತಂದು ಸ್ಟೇರಿಂಗ್ ಕೆಳಗ ವೈರ್ ಚುಚ್ಚಿ ಅರ್ಧ ತಾಸಿನ್ಯಾಗ ಹಾಕಿ ಹೋಗಿರ್ತಾನ. ಜರ್ಮನಿ ಪಂಪಿನ್ಯಾಗ 98, 102 ಆಕ್ಟೇನ್ ಪೆಟ್ರೋಲ್ ಸಿಗ್ತದ, ಆಕ್ಟೇನ್ ಹೆಚ್ಚಿದ್ರ ಪೆಟ್ರೋಲ್ ಹೊತ್ತಲ್ಲದ ಹೊತ್ತಿನ್ಯಾಗ ಲಗೂ ಸಿಡಿಯಂಗಿಲ್ಲ. ಇಲ್ಲಿ ಮೇ ತಿಂಗಳ 43 ಡಿಗ್ರಿ ಬಿಸಲಾಗ ಟರ್ಬೋ ಗಾಳಿ ತಣ್ಣಗ ಮಾಡೋ ಇಂಟರ್‌ಕೂಲರ್ ತಾನೇ ಕೂಲರ್ ಹುಡುಕ್ತದ. ಸೇಡಂ ಕಡಿ ಒಂದ್ ತಿಂಗಳು ಓಡ್ಯಾಡಿ ಏರ್ ಫಿಲ್ಟರ್ ಝಾಡಿಸ್ರಿ, ಆ ಸಿಮೆಂಟ್ ಧೂಳಿನ್ಯಾಗ ಮನಿ ಮುಂದ ಒಂದು ಕಟ್ಟಿ ಕಟ್ಟಬಹುದು. ಇಂಜಿನ್ ನಾಕ್ ಹೊಡೀಲಾಕ, ಅಂದ್ರ ಪೆಟ್ರೋಲ್ ಹಂಗ ಹೊತ್ತಲ್ಲದಾಗ ಸಿಡೀಲಾಕ, ಶುರು ಮಾಡಿದ್ರ ಸೆನ್ಸರ್ ಸ್ಪಾರ್ಕ್ ಟೈಮಿಂಗ್ ಹಿಂದ ಎಳೀತದ, ಪವರ್ ಹೋಯ್ತು. ಉಳದಿದ್ದೇನು? ಫಟ್ ಫಟ್.

ಹೇಳೇಬಿಡ್ತೀನಿ, ಮುಚ್ಚಿಟ್ಟೇನ್ ಮಾಡ್ಲಿ. ನಾನೂ ನನ್ನ ಪೋಲೋ 1.2 ಟಿಎಸ್‌ಐಗೆ ಸ್ಟೇಜ್ 1 ಅನ್ನೋ ಪವರ್ ಏರ್ಸೋ ಮ್ಯಾಪ್ ಹಾಕಿಸಿದ್ದೆ. ಸ್ಟಾಕ್ 105 ಪಿಎಸ್, ಅದು ಸಾಲ್ದಾಗಿತ್ತು ಈ ಮಹಾರಾಜಗ. ಹದಿನೈದು ದಿನ ಆಕಾಶದಾಗಿದ್ದೆ. ಹದಿನಾರ್ನೇ ದಿನ ಜೇವರ್ಗಿ ರೋಡಿಗಿ ಫರಹತಾಬಾದ್ ದಾಟಿದ ಕೂಡ್ಲೇ ಟರ್ಬೋ ಪೈಪ್ ಪುಸ್ಸಂತ ಕಳಚಿ, ಸೈಕಲ್ ಮೋಟ್ರಿಗಿಂತ ಕಡಿಮಿ ಆಯ್ತು ಗಾಡಿ. ಎರಡು ತಾಸು ಬೇವಿನ ಗಿಡದ ಕೆಳಗ, ಹಿಂದಿನ ಸೀಟಿನ್ಯಾಗ ಹೆಂಡತಿ ತವರಿಗಿ ಒಯ್ಯೋ ಶೇಂಗಾ ಹೋಳಿಗಿ ಡಬ್ಬಿ. ತೊಗರಿ ಮೂಟಿ ಹಾಕ್ಕೊಂಡು ಹೊಂಟಿದ್ದ ಟ್ರ್ಯಾಕ್ಟರ್‌ನವ ಹಗ್ಗ ಕಟ್ಟಿ ಎಳಕೊಂಡ್ ಹೋದ. "ಪವರ್ ಭಾಳ ಬಂದದ ಅಂತಿದ್ರಲ್ಲ" ಅಂದ್ಳು ನಮ್ಮಾಕಿ. ಅಷ್ಟೇ ಅಂದ್ಳು, ಇವತ್ತಿಗೂ ಅಂತಾಳ.

ಅವನ ಗಾಡಿ, ಅವನ ರೊಕ್ಕ, ನಿನಗ್ಯಾಕ ಹೊಟ್ಟಿಉರಿ ಅಂತ ಕೇಳವ್ರು ಇರ್ತೀರಿ. ಹೊಟ್ಟಿಉರಿ ಅದ, ಇಲ್ಲಂದ್ರ ಸುಳ್ಳಾಗ್ತದ. ಆದ್ರ ಆ ಮುದುಕಪ್ಪನ ಕಿವಿ ಅವನ ರೊಕ್ಕದ್ದಲ್ಲಲ್ಲ? ಮತ್ತ ಮೋಟಾರು ವಾಹನ ಕಾಯ್ದೆ 52ನೇ ಕಲಂ ಅಂತ ಒಂದದ, ಕಂಪನಿ ಮಾಡಿಕೊಟ್ಟಂಗ ಬಿಟ್ಟು ಮನಸಿಗಿ ಬಂದಂಗ ಬದಲಿ ಮಾಡಂಗಿಲ್ಲ. "ಜರ್ಮನಿದಾಗ ಫುಲ್ ಫ್ರೀ ಅದ ಬ್ರೋ" ಅಂತಾರ ನಮ್ಮ ಹುಡುಗ್ರು. ಎಲ್ಲೀ ಫ್ರೀ? ಅಲ್ಲಿ ಪೇಪರ್ ಇಲ್ಲದ ಸೈಲೆನ್ಸರ್ ಹಾಕಿದ್ರ, ಗಾಡಿ ತಪಾಸಣಿ ಮಾಡೋ ಟ್ಯೂವ್‌ನವರ ಮುಂದ ಗಾಡಿ ನಿಲ್ಲಿಸಿ ಪಾಸ್ ಮಾಡಿಸ್ಕೊಳ್ಳೋತನಕ ರೋಡಿಗಿ ಇಳಿಸಂಗಿಲ್ಲ. ಓಡಿಸ್ಬೇಕಂದ್ರ ಅವರಿಗಿ ನ್ಯೂರ್ಬರ್ಗ್‌ರಿಂಗ್ ಅನ್ನೋ ರೇಸ್ ಟ್ರ್ಯಾಕ್ ಅದ, 20.8 ಕಿಲೋಮೀಟರ್, ಗುಡ್ಡದಾಗ ಏರಿ ಇಳಿಯೋ ಸುತ್ತು. ನಮಗೂ ರಿಂಗ್ ರೋಡ್ ಅದ. ಹಂಪ್ ಅವ, ಎಮ್ಮಿ ಅವ, ರಾಂಗ್ ಸೈಡಿಂದ ಬರೋ ಟಂಟಂ ಅವ.

ಇಷ್ಟೆಲ್ಲಾ ಸಿಟ್ಟು ಹೊತ್ಕೊಂಡು ಎದ್ದು ಹೋದೆ ನೋಡ್ರಿ ಗಾಡಿ ಹತ್ರ, ನಾಕು ಮಾತು ಕೇಳೇ ಬರೋಣಂತ. ಗ್ಲಾಸ್ ಇಳೀತು. ಇಪ್ಪತ್ನಾಕು ಇಪ್ಪತ್ತೈದರ ಹುಡುಗ, ಮೀಸಿ ಸುದ್ದ ಸರಿಯಾಗಿ ಬಂದಿಲ್ಲ. ನಾ ಬಾಯಿ ತೆರೆಯೋದ್ರಾಗ ಅವನೇ, "ಅಣ್ಣಾ ಸಾರಿ ಅಣ್ಣಾ, ಹೈದ್ರಾಬಾದ್‌ದಾಗ ಸೆಕೆಂಡ್ ಹ್ಯಾಂಡ್ ತಗೊಂಡೀನಿ, ಇದು ಮೊದಲೇ ಹಾಕಿದ್ದದ, ಹ್ಯಾಂಗ ಬಂದ್ ಮಾಡ್ಬೇಕು ತಿಳಿವಲ್ದು, ಓಣ್ಯಾಗ ಹೋದ್ರ ನಮ್ಮವ್ವ ಬೈತಾಳ" ಅಂದ. ಬಿಲ್ಲೆನೂ ಅವಂದಲ್ಲಂತ.

ಏನ್ ಬೈಲಿ? ಮುದುಕಪ್ಪಗ ಇನ್ನೊಂದು ಚಾ ಕೊಡ್ಸು ಅಂದೆ, ಕೊಡ್ಸಿದ. ನಾಳಿ ಮುಂಜಾನಿ ಗಾಡಿ ತಗೊಂಡ್ ಬಾ, ಸ್ಟಾಕ್ ಮ್ಯಾಪ್ ಹಾಕಿಸೋಣ, ಪುಣೆದವರಿಗಿ ಫೋನ್ ಮಾಡ್ತೀನಿ ಅಂತ ಹೇಳೀನಿ. ಒಂದ್ ಕಂಡೀಷನ್ ಮ್ಯಾಲ: ಹಾಕಿದ ಮ್ಯಾಲ ಹುಮನಾಬಾದ್ ರೋಡಿಗಿ ಮೊದಲ್ನೇ ರೌಂಡ್ ನಾನೇ ಹೊಡೀಬೇಕು. 400 ನ್ಯೂಟನ್ ಮೀಟರ್ ಟಾರ್ಕ್ ರೀ ಅದು. ನಮ್ಮಾಕಿಗಿ ಯಾರೂ ಹೇಳಬ್ಯಾಡ್ರಿ.