ಇಬ್ಬರು, ಒಂದು ಕಂಬಳಿ, 36 ಎಲೆ

ಆರು ವಾರದಿಂದ ರಾತ್ರಿ ಮಲಗುವ ಮುಂಚೆ ನಾನೂ ತಂಗಿಯೂ ಒಂದು ಕಾರ್ಡ್ ಆಟ ಆಡುತ್ತಿದ್ದೇವೆ. ಅದು ಇನ್ನೂ ಅಚ್ಚಾಗಿಲ್ಲ. ಗೆಳತಿಯೊಬ್ಬಳು ತಾನೇ ಯೋಚಿಸಿ, ಚಿತ್ರ ಬರೆದು, ಕತ್ತರಿಸಿ ಕೊಟ್ಟ 36 ಎಲೆಗಳು. ಕಲೆಸಿ ಕಲೆಸಿ ಮೂಲೆಗಳೆಲ್ಲ ಮೆತ್ತಗಾಗಿವೆ. ಬರುವ ತಿಂಗಳು ಇದನ್ನು ಅಚ್ಚು ಹಾಕಿಸಲು ಅವಳು ಜನರಿಂದಲೇ ಹಣ ಕೂಡಿಸುವ ಕ್ರೌಡ್‌ಫಂಡಿಂಗ್‌ಗೆ ಇಳಿಯುತ್ತಿದ್ದಾಳೆ. ಅವಳ ಪರವಾಗಿಯೇ ಬರೆಯುತ್ತಿದ್ದೇನೆ.

ಕಥೆ ಇಷ್ಟೇ: ಒಂದು ಹಾಸಿಗೆ, ಇಬ್ಬರು, ಒಂದೇ ಕಂಬಳಿ. ಇಬ್ಬರ ಕೈಯಲ್ಲೂ 1ರಿಂದ 9ರವರೆಗಿನ ಎಲೆಗಳು. ಪ್ರತಿ ಸುತ್ತಿನಲ್ಲಿ ಒಂದೊಂದು ಎಲೆ ಕವುಚಿ ಇಟ್ಟು ಒಟ್ಟಿಗೆ ತಿರುಗಿಸಬೇಕು. ದೊಡ್ಡ ಅಂಕಿ ಇಟ್ಟವರ ಕಡೆಗೆ ಕಂಬಳಿ ಒಂದು ಹೆಜ್ಜೆ ಸರಿಯುತ್ತದೆ. ಜೊತೆಗೆ ನೆಪದ ಎಲೆಗಳು: ಗೊರಕೆ, ತಣ್ಣನೆಯ ಕಾಲು, ನಿದ್ದೆಗಣ್ಣಿನ ಮಾತು. ಒಂಬತ್ತು ಸುತ್ತಾದ ಮೇಲೆ ಕಂಬಳಿ ಯಾರ ಕಡೆ ಹೆಚ್ಚಿದೆಯೋ ಅವರದೇ ಗೆಲುವು. ಆದರೆ ನಾಲ್ಕು ಹೆಜ್ಜೆ ಎಳೆದು ಎದುರಿನವರನ್ನು ಪೂರ್ತಿ ಬರಿದು ಮಾಡಿದಿರೋ, ಅವರು ಎದ್ದು ದೀಪ ಹಾಕುತ್ತಾರೆ. ಎಳೆದವರು ಸೋತಂತೆ.

ಆಟದ ಜೀವ ಇರುವುದು ಈ ನಾಲ್ಕನೇ ಹೆಜ್ಜೆಯಲ್ಲಿ. ಮೂರು ಹೆಜ್ಜೆ ಎಳೆಸಿಕೊಂಡವಳು ಸುಮ್ಮನೆ ಕೂರುವುದಿಲ್ಲ. ಬೇಕೆಂದೇ ಸಣ್ಣ ಎಲೆ ಬಿಡುತ್ತಾ ಬರುತ್ತಾಳೆ. “ಎಳಿ ಅಕ್ಕಾ, ಇನ್ನೊಂದೇ ಒಂದು ಸಲ ಎಳಿ” ಅನ್ನುತ್ತಾಳೆ ನನ್ನ ತಂಗಿ. ಈಗ ಗೆಲ್ಲುತ್ತಿರುವ ನಾನೇ ಅವಳ ಎಲೆಗಿಂತ ಸಣ್ಣದನ್ನು ಹುಡುಕಬೇಕು. ನನ್ನ ಕೈಯಲ್ಲಿ ಉಳಿದಿರುವುದೋ 8 ಮತ್ತು 9.

ಅತಿಯಾಸೆಗೆ ದಂಡ ಹಾಕುವ ಉಪಾಯ ಹೊಸದೇನಲ್ಲ. 2017ರಲ್ಲಿ ಬಂದ ‘ದ ಫಾಕ್ಸ್ ಇನ್ ದ ಫಾರೆಸ್ಟ್’ ಇಬ್ಬರ ಆಟ. ಅದರ 13 ಸುತ್ತುಗಳಲ್ಲಿ 7ರಿಂದ 9 ಗೆದ್ದವರಿಗೆ 6 ಅಂಕ, 10 ಅಥವಾ ಹೆಚ್ಚು ಗೆದ್ದವರಿಗೆ ಸೊನ್ನೆ. ಆದರೆ ಅಲ್ಲಿ ನಾನು ಎಣಿಕೆ ಹಾಕುತ್ತಾ ಕೂರುತ್ತೇನೆ, ಇಲ್ಲಿ ನಗು ತಡೆಯಲು ಆಗುವುದಿಲ್ಲ.

ಇಬ್ಬರ ಆಟದಲ್ಲಿ ನಗು ತರಿಸುವುದು ಎಷ್ಟು ಕಷ್ಟ ಅನ್ನುವುದು ಆಡಿದವರಿಗೇ ಗೊತ್ತು. ಐದು ಜನ ಕೂತಾಗ ಒಬ್ಬರಿಗೆ ಏಟು ಬಿದ್ದರೆ ಮೂವರು ನೋಡಿ ನಗುತ್ತಾರೆ, ಏಟು ತಿಂದವರೂ ಆ ನಗುವಿನಲ್ಲಿ ಸೇರಿಕೊಳ್ಳುತ್ತಾರೆ. ಇಬ್ಬರೇ ಇದ್ದಾಗ ನೋಡುವವರಿಲ್ಲ. ನೀನು ಮಾಡಿದ್ದು ನೇರ ನನಗೇ. ಅದಕ್ಕೇ ಈ ಬಗೆಯ ಒಳ್ಳೆಯ ಆಟಗಳು ಹೆಚ್ಚಾಗಿ ತಣ್ಣಗಿನ ಲೆಕ್ಕಾಚಾರದ ಕಡೆ ವಾಲುತ್ತವೆ. 1999ರ ‘ಲಾಸ್ಟ್ ಸಿಟೀಸ್’ ನನಗೆ ಬಹಳ ಇಷ್ಟ. ಅದರಲ್ಲಿ ಒಂದೇ ಬಣ್ಣದ ಎಲೆಗಳನ್ನು ಜೋಡಿಸುತ್ತಾ ಹೋಗುವ ‘ಯಾತ್ರೆ’ಯೊಂದನ್ನು ಶುರುಮಾಡಿದ ಕೂಡಲೇ 20 ಅಂಕ ಸಾಲ. ಎದುರಾಳಿಗೆ ಬೇಕಾದ ಎಲೆಯನ್ನು ಕೈಯಲ್ಲೇ ಹಿಡಿದಿಟ್ಟುಕೊಳ್ಳುವುದೇ ನಾವು ಕೊಡಬಹುದಾದ ದೊಡ್ಡ ಕಾಟ. ಸೊಗಸಾದ ಆಟ. ಆದರೆ ಆಡುವಾಗ ಇಬ್ಬರೂ ಮೌನ.

ಇಂಥ ಸಣ್ಣ ಆಟಕ್ಕೆ ಜನರ ಹತ್ತಿರ ನೇರವಾಗಿ ಹಣ ಕೇಳುವುದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ. ಮೂರನೆಯವರು ಬಂದರೆ ಆಡಲಾಗದ ಆಟಕ್ಕೆ ದುಡ್ಡು ಹಾಕಲು ಪ್ರಕಾಶಕರು ಹಿಂಜರಿಯುವುದು ಸಹಜ. 2009ರಲ್ಲಿ ಶುರುವಾದ, ಹೀಗೆ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ಮುಟ್ಟದಿದ್ದರೆ ಯಾರ ಖಾತೆಯಿಂದಲೂ ಹಣ ಹೋಗುವುದಿಲ್ಲ. ಮುಟ್ಟಿದರೆ 5% ಆ ತಾಣಕ್ಕೆ, ಅದರ ಮೇಲೆ ಪಾವತಿಯ ಖರ್ಚು ಬೇರೆ. ಒಂದು ಮಾತು ನೆನಪಿರಲಿ: ಅದು ಅಂಗಡಿಯಲ್ಲ, ನಾವು ಅಲ್ಲಿ ಕೊಳ್ಳುವವರಲ್ಲ, ಬೆನ್ನಿಗೆ ನಿಲ್ಲುವವರು.

ಕಾರ್ಡ್ ಆಟ ಅಂದ ಕೂಡಲೇ ಎಲ್ಲರೂ 2015ರ ‘ಎಕ್ಸ್‌ಪ್ಲೋಡಿಂಗ್ ಕಿಟನ್ಸ್’ ಉದಾಹರಣೆ ಕೊಡುತ್ತಾರೆ. ಕೇಳಿದ್ದು 10,000 ಡಾಲರ್, ಬಂದದ್ದು 87 ಲಕ್ಷ ಡಾಲರ್‌ಗೂ ಹೆಚ್ಚು, ಕೊಟ್ಟವರು 2,19,382 ಜನ. ಆದರೆ ಅದರ ಹಿಂದೆ ಲಕ್ಷಾಂತರ ಓದುಗರಿದ್ದ ವ್ಯಂಗ್ಯಚಿತ್ರಕಾರರಿದ್ದರು. ಗೆಳತಿಯ ಹಿಂದೆ ಇರುವುದು ನಮ್ಮಂಥ ಕೆಲವರು. ಅವಳಿಗೆ ಬೇಕಾಗಿರುವುದೂ ಕೆಲವು ನೂರು ಜನ, ಅಷ್ಟೇ.

ಅವಳ ಜೊತೆ ನಾನು ಜಗಳವಾಡಿದ್ದು ಒಂದೇ ವಿಷಯಕ್ಕೆ. ಹಣ ಹೆಚ್ಚು ಬಂದರೆ ಎಲೆ ಹೆಚ್ಚಿಸುತ್ತೇನೆ, ಮರದ ಬಿಲ್ಲೆ ಸೇರಿಸುತ್ತೇನೆ ಅಂದಳು. ಬೇಡವೇ ಬೇಡ ಅಂದೆ. ಹಿಂದೊಮ್ಮೆ ನಾನು ಬೆಂಬಲಿಸಿದ್ದ ಆಟ ಹೀಗೇ ಊದಿಕೊಂಡಿತ್ತು. ಜೇಬಿನಲ್ಲಿ ಹಿಡಿಯಬೇಕಾಗಿದ್ದದ್ದು ದಪ್ಪ ಪೆಟ್ಟಿಗೆಯಾಗಿ, ಒಂದೂವರೆ ವರ್ಷ ತಡವಾಗಿ ಬಂತು. ಈಗಲೂ ಆಡುವ ಮುಂಚೆ ಆ ಹೆಚ್ಚಿನ ಎಲೆಗಳನ್ನು ಆರಿಸಿ ತೆಗೆದಿಡುತ್ತೇವೆ. ತೂಕ ಹೆಚ್ಚಿದಷ್ಟೂ ಅಂಚೆ ವೆಚ್ಚ ಹೆಚ್ಚು, ಹೊಸ ಎಲೆ ಸೇರಿದಷ್ಟೂ ಮತ್ತೆ ಆಡಿ ನೋಡಬೇಕಾದ ಕೆಲಸ ಹೆಚ್ಚು.

ಹಾಗಂತ ಜಾಗ ಖಾಲಿ ಇಲ್ಲ ಅಂತಲ್ಲ. ಅಚ್ಚಿನ ದೊಡ್ಡ ಹಾಳೆಯಲ್ಲಿ ಸಾಮಾನ್ಯವಾಗಿ 54 ಅಥವಾ 55 ಎಲೆ ಕೂರುತ್ತವೆ. ಇಬ್ಬರ ಆಟಗಳೇ ಆದ ‘ಶಾಟನ್ ಟಾಟನ್’ನಲ್ಲಿ 54 ಅಂಕಿ ಎಲೆ, ‘ಜೈಪುರ್’ನಲ್ಲಿ 55 ಎಲೆ ಇರುವುದನ್ನು ನೋಡಿದರೆ ಅದು ಆಕಸ್ಮಿಕ ಅನ್ನಿಸುವುದಿಲ್ಲ. ಇವಳ 36 ಹೋಗಿ 18 ಉಳಿಯುತ್ತವೆ. ನಿಯಮಗಳನ್ನು ಅವುಗಳ ಮೇಲೇ ಅಚ್ಚು ಹಾಕಿಸು, ಬೇರೆ ಕಾಗದ ಬೇಡ; ಉಳಿದದ್ದನ್ನು ಖಾಲಿ ಬಿಡು, ಆಡುವವರು ತಮ್ಮ ತಮ್ಮ ನೆಪ ಬರೆದುಕೊಳ್ಳಲಿ ಅಂದೆ. ಎರಡು ದಿನ ಮಾತು ಬಿಟ್ಟು ಆಮೇಲೆ ಒಪ್ಪಿದಳು. ನಾವೇನೋ ಆಗಲೇ ಒಂದು ನೆಪ ಬರೆದುಕೊಂಡಿದ್ದೇವೆ.

ಹಣ ಹಾಕಿ ಅಂತ ಈಗಲೇ ಕೇಳುವುದಿಲ್ಲ. ಆಟದ ಫೈಲನ್ನು ಅವಳು ಉಚಿತವಾಗಿಯೇ ಕೊಡುತ್ತಿದ್ದಾಳೆ. ಎಲೆಯ ಅಳತೆ 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ, ಎ4 ಹಾಳೆಯೊಂದಕ್ಕೆ ಒಂಬತ್ತರಂತೆ ಸರಿಯಾಗಿ ನಾಲ್ಕು ಹಾಳೆ. ಪ್ರಿಂಟ್ ತೆಗೆದು, ಕತ್ತರಿಸಿ, ಜೊತೆಗೊಬ್ಬರನ್ನು ಕೂರಿಸಿಕೊಂಡು ಎರಡು ಆಟ ಆಡಿ. ಮೊದಲನೆಯದರಲ್ಲಿ ನಿಯಮ ಅರ್ಥವಾಗುತ್ತದೆ. ಎರಡನೆಯದರಲ್ಲಿ ಮೂರು ಹೆಜ್ಜೆ ಎಳೆದು, ಕೈಯಲ್ಲಿ 9 ಹಿಡಿದು ಕೂತಾಗ ಏನನ್ನಿಸಿತು ಅಂತ ನನಗೆ ಕಾಮೆಂಟಿನಲ್ಲಿ ಬರೆಯಿರಿ.